ಹೊಟ್ಟೆ ಕೊಯ್ಯದೆ ಟ್ಯೂಬ್ ಮುಚ್ಚುವ ಸಾಧನಗಳು: ಶೇ 99 ಅಂದರೆ ಯಾರಲ್ಲಿ 99?

ಪ್ರಶ್ನೆ: ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಹೆಣ್ಣುಮಕ್ಕಳ ಸಂತಾನಹರಣಕ್ಕೆ ಬಳಸುವ ಸಾಧನಗಳನ್ನು, ಅಂದರೆ ಹೊಟ್ಟೆ ಕೊಯ್ಯದೆ ಅಥವಾ ಸಣ್ಣ ತೂತಿನಿಂದ ಹಾಕುವಂಥವನ್ನು, ಹೇಗೆ ಅಳೆದು ತೂಗಬೇಕು ಅನ್ನೋದು ನನ್ನ ಪ್ರಾಜೆಕ್ಟ್. ಎಲ್ಲಿ ಓದಿದರೂ ಶೇ 99ಕ್ಕಿಂತ ಜಾಸ್ತಿ ಯಶಸ್ಸು ಅಂತಲೇ ಇದೆ. ಎಲ್ಲವೂ 99 ಆದರೆ ಯಾವುದು ಮೇಲು ಅಂತ ಹೇಗೆ ಹೇಳೋದು? ಅಷ್ಟು ಒಳ್ಳೆಯ ಅಂಕ ಪಡೆದ ಸಾಧನಗಳು ಮಾರುಕಟ್ಟೆಯಿಂದ ಯಾಕೆ ಹೋದವು?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. ಹಾಗಾಗಿ ಮಾರುಕಟ್ಟೆಯಿಂದ ಹೋದ ಒಂದು ಸಾಧನದಿಂದಲೇ ಶುರು ಮಾಡ್ತೀನಿ.

ಎಸ್ಶೂರ್ ಹೆಸರು ಕೇಳಿರುತ್ತೀರಿ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರ ನವೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 4 ಸೆಂಟಿಮೀಟರ್ ಉದ್ದದ ಒಂದು ಸ್ಪ್ರಿಂಗ್ ಅದು. ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಸುರುಳಿ, ಹೊರಗೆ ನಿಕ್ಕಲ್-ಟೈಟಾನಿಯಂ ಸುರುಳಿ, ಜೊತೆಗೆ ಪಾಲಿಯೆಸ್ಟರ್ ಎಳೆಗಳು. ಯೋನಿಯ ಮೂಲಕ ಗರ್ಭಕೋಶದೊಳಗೆ ಒಳಗೆ ನೋಡುವ ತೆಳುವಾದ ಕೊಳವೆ, ಅಂದರೆ ಹಿಸ್ಟರೋಸ್ಕೋಪ್, ಹಾಕುತ್ತಿದ್ದರು. ಸಲೈನ್ ಬಿಟ್ಟು ಗರ್ಭಕೋಶವನ್ನು ಸ್ವಲ್ಪ ಉಬ್ಬಿಸಿದರೆ ಎರಡು ಮೂಲೆಗಳಲ್ಲಿ ಟ್ಯೂಬಿನ, ಅಂದರೆ ಅಂಡನಾಳದ, ಬಾಯಿ ಕಾಣುತ್ತದೆ. ಸೂಜಿ ಚುಚ್ಚಿದಷ್ಟು ಸಣ್ಣ ಕಪ್ಪು ಚುಕ್ಕೆ. ಅದರೊಳಗೆ ಸ್ಪ್ರಿಂಗನ್ನು ಜಾರಿಸಿ ಬಿಟ್ಟರೆ ಅದು ಅರಳಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೂರರಿಂದ ಎಂಟು ಸುತ್ತು ಗರ್ಭಕೋಶದ ಕಡೆಗೆ ಹೊರಗೆ ಕಾಣುತ್ತಿದ್ದರೆ ಸರಿಯಾಗಿ ಕೂತಿದೆ ಅಂತ ಲೆಕ್ಕ. ಆಮೇಲೆ ಕೆಲಸ ಪಾಲಿಯೆಸ್ಟರ್ ಎಳೆಗಳದ್ದು. ಅವು ಸುತ್ತಲಿನ ಅಂಗಾಂಶವನ್ನು ಕೆರಳಿಸುತ್ತವೆ. ಅಂಗಾಂಶ ಎಳೆಗಳ ನಡುವೆ ಬೆಳೆದು ಸುಮಾರು ಮೂರು ತಿಂಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಪೂರ್ತಿ ಅರಿವಳಿಕೆ ಕೊಡುವ ಅಗತ್ಯವೂ ಇಲ್ಲ. ಎಂಜಿನಿಯರ್ ಕಣ್ಣಿಗೆ ಚೆಂದದ ಕೆಲಸ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಈಗ ಅಂಕಿಗೆ ಬರೋಣ. ಒಪ್ಪಿಗೆಗೆ ಆಧಾರವಾದ ಮುಖ್ಯ ಪ್ರಯೋಗದಲ್ಲಿ 507 ಹೆಣ್ಣುಮಕ್ಕಳಿಗೆ ಹಾಕಲು ಪ್ರಯತ್ನಿಸಿದರು. ಎರಡೂ ಕಡೆ ಕೂತದ್ದು 464 ಜನರಲ್ಲಿ. ಅಂದರೆ ಸುಮಾರು ಶೇ 92. ಮೂರು ತಿಂಗಳಾದ ಮೇಲೆ ಎಕ್ಸ್‌ರೇ ಪರೀಕ್ಷೆ. ಅದರಲ್ಲಿ ಎಲ್ಲ ಸರಿ ಇದೆ ಅಂತ ಕಂಡವರಿಗೆ ಮಾತ್ರ ‘ಇನ್ನು ನೀವು ಇದನ್ನೇ ನಂಬಬಹುದು’ ಅಂತ ಹೇಳಿದರು. ಗರ್ಭ ನಿಂತಿತಾ ಇಲ್ಲವಾ ಅಂತ ಎಣಿಸಿದ್ದು ಹಾಗೆ ಹೇಳಿಸಿಕೊಂಡವರನ್ನು. ಅವರಲ್ಲಿ ಒಬ್ಬರಿಗೂ ಗರ್ಭ ನಿಲ್ಲಲಿಲ್ಲ.

ಇದರಲ್ಲಿ ಸುಳ್ಳೇನಿಲ್ಲ. ಆದರೆ ನಿಮ್ಮ ಮುಂದೆ ಕೂತು ‘ಡಾಕ್ಟ್ರೇ, ನನಗೆ ಇದು ಆಗುತ್ತಾ?’ ಅಂತ ಕೇಳುವ ಹೆಂಗಸು ಆ ಗುಂಪಿನಲ್ಲಿ ಇನ್ನೂ ಸೇರಿಲ್ಲ. ಅವಳು 507ರಲ್ಲಿ ಒಬ್ಬಳು. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. 100 ಜನ ಬಂದರು. 92 ಜನರಿಗೆ ಎರಡೂ ಕಡೆ ಹಾಕಲು ಆಯಿತು. ಅವರಲ್ಲಿ 10 ಜನ ಎಕ್ಸ್‌ರೇಗೆ ತಿರುಗಿ ಬರಲೇ ಇಲ್ಲ. ಮೂವರಲ್ಲಿ ನಾಳ ಇನ್ನೂ ತೆರೆದಿತ್ತು. ಉಳಿದವರು 79. ಈ 79ರಲ್ಲಿ ಯಾರಿಗೂ ಗರ್ಭ ನಿಲ್ಲದಿದ್ದರೆ ಕರಪತ್ರದಲ್ಲಿ ಶೇ 100 ಅಂತ ಬರುತ್ತದೆ. ಬಾಗಿಲಿಗೆ ಬಂದವರ ಲೆಕ್ಕದಲ್ಲಿ ಅದು ಶೇ 79. ಉಳಿದ 21 ಜನ ಎಲ್ಲಿ ಹೋದರು? ಕೆಲವರು ಇನ್ನೊಂದು ಆಪರೇಷನ್‌ಗೆ, ಕೆಲವರು ಮಾತ್ರೆಗೆ, ಕೆಲವರು ಏನೂ ಇಲ್ಲದೆ. ಇಲ್ಲಿ 10 ಮತ್ತು 3 ನಾನು ಉದಾಹರಣೆಗೆ ಹಾಕಿದ ಅಂಕಿಗಳು. ಆದರೆ ಎಕ್ಸ್‌ರೇಗೆ ಬರದೇ ಇರುವುದು ನಿಜಕ್ಕೂ ನಡೆಯುತ್ತದೆ. ಮನೆಯಲ್ಲಿ ಮಗು, ಕೆಲಸದಲ್ಲಿ ರಜೆ ಇಲ್ಲ, ನೋವೂ ಇಲ್ಲ. ಯಾರು ಬರ್ತಾರೆ? ಟ್ಯೂಬನ್ನು ಹೊರಗಿನಿಂದ ಬಿಗಿಯುವ ಕ್ಲಿಪ್ ಅಥವಾ ರಿಂಗ್ ಹಾಕಿಸಿಕೊಂಡವರಿಗೆ ಈ ಎರಡನೇ ಭೇಟಿ ಬೇಕಾಗಿಲ್ಲ. ಹಾಗಾಗಿ ನಿಮ್ಮ ಹೋಲಿಕೆಯ ಪಟ್ಟಿಯಲ್ಲಿ ‘ನಂಬುವ ಮೊದಲು ಇನ್ನೊಂದು ಪರೀಕ್ಷೆ ಬೇಕೇ’ ಅನ್ನುವ ಕಾಲಂ ಇರಲೇಬೇಕು.

ಇನ್ನು ಆ ಸೊನ್ನೆಯ ವಿಷಯ. ಇದು ನನಗೆ ಬಹಳ ಇಷ್ಟವಾದ ಜಾಗ, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಆ ಮುಖ್ಯ ಪ್ರಯೋಗದ ಮೊದಲ ವರದಿಯಲ್ಲಿ 9,620 ಮಹಿಳಾ-ತಿಂಗಳು (ಒಬ್ಬ ಹೆಂಗಸನ್ನು ಒಂದು ತಿಂಗಳು ಗಮನಿಸಿದರೆ ಒಂದು ಮಹಿಳಾ-ತಿಂಗಳು) ಸೇರಿಸಿ ನೋಡಿದರೂ ಒಂದು ಗರ್ಭವೂ ಇರಲಿಲ್ಲ. ಓದಿದರೆ ದೊಡ್ಡ ಅಂಕಿ. 12ರಿಂದ ಭಾಗಿಸಿ. ಸುಮಾರು 800 ಮಹಿಳಾ-ವರ್ಷ ಆಯಿತು. ಈಗ ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಅಂತ ಒಂದಿದೆ. ಏನೂ ಘಟಿಸಲಿಲ್ಲ ಅಂದರೂ ನಿಜವಾದ ಪ್ರಮಾಣ ಸೊನ್ನೆ ಅಂತ ಅರ್ಥವಲ್ಲ. ಮೂರನ್ನು ನೀವು ನೋಡಿದ ಒಟ್ಟು ಸಂಖ್ಯೆಯಿಂದ ಭಾಗಿಸಿ, ಶೇ 95 ಭರವಸೆಯಲ್ಲಿ ಅದೇ ಮೇಲಿನ ಮಿತಿ. 3 ಭಾಗ 800 ಅಂದರೆ ವರ್ಷಕ್ಕೆ ಸಾವಿರದಲ್ಲಿ ನಾಲ್ಕಕ್ಕೆ ಹತ್ತಿರ. ಅದೇ ವೇಗ ಹತ್ತು ವರ್ಷ ಮುಂದುವರಿದರೆ ಸಾವಿರಕ್ಕೆ 37. ಅಂದರೆ ‘ಒಂದೂ ಗರ್ಭ ಇಲ್ಲ’ ಅನ್ನುವ ಫಲಿತಾಂಶ, ಹತ್ತು ವರ್ಷದಲ್ಲಿ ಸಾವಿರಕ್ಕೆ ಮೂವತ್ತಾರೋ ಮೂವತ್ತೇಳೋ ಗರ್ಭ ನಿಲ್ಲುವ ಸಾಧನದಿಂದಲೂ ಬರಬಹುದು.

ಹಾಗೆ ಸೋಲುವ ಸಾಧನ ಕಾಲ್ಪನಿಕವಲ್ಲ. ಅದರ ಅಂಕಿ ನಮ್ಮಲ್ಲಿದೆ. ಅಮೆರಿಕದಲ್ಲಿ ಕ್ರೆಸ್ಟ್ ಅಂತ ಒಂದು ಅಧ್ಯಯನ ನಡೆಯಿತು. ಫಲಿತಾಂಶ ಬಂದದ್ದು 1996ರಲ್ಲಿ. 10,685 ಹೆಣ್ಣುಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಈ ಕ್ಷೇತ್ರದಲ್ಲಿ ಯಾರಾದರೂ ಒಂದೇ ಒಂದು ಅಧ್ಯಯನ ಓದುವುದಾದರೆ ಇದನ್ನೇ ಓದಿ ಅಂತೀನಿ. ಎಲ್ಲ ವಿಧಾನಗಳನ್ನೂ ಸೇರಿಸಿದರೆ ಮೊದಲ ವರ್ಷದಲ್ಲಿ ಸಾವಿರಕ್ಕೆ 5.5 ಗರ್ಭ. ಐದು ವರ್ಷಕ್ಕೆ 13.1. ಹತ್ತು ವರ್ಷಕ್ಕೆ 18.5. ಅದಕ್ಕೆ ಮುಂಚೆ ಎಲ್ಲರೂ ಅಂದುಕೊಂಡಿದ್ದು, ಸೋಲುವುದಿದ್ದರೆ ಮೊದಲ ಒಂದೆರಡು ವರ್ಷದಲ್ಲಿ ಸೋಲುತ್ತದೆ, ಆಮೇಲೆ ನಿಶ್ಚಿಂತೆ ಅಂತ. ಹಾಗಲ್ಲ ಅಂತ ಗೊತ್ತಾಯಿತು. ಸ್ಪ್ರಿಂಗ್ ಕ್ಲಿಪ್‌ನಲ್ಲಿ ಹತ್ತು ವರ್ಷಕ್ಕೆ ಸಾವಿರಕ್ಕೆ 36.5 (ಇದು ಎಸ್ಶೂರ್ ಅಲ್ಲ, ಟ್ಯೂಬನ್ನು ಹೊರಗಿನಿಂದ ಅದುಮುವ ಕ್ಲಿಪ್). ಸಿಲಿಕಾನ್ ರಿಂಗ್‌ನಲ್ಲಿ 17.7. ಬೈಪೋಲಾರ್ ಕರೆಂಟಿನಿಂದ, ಅಂದರೆ ಇಕ್ಕಳದ ಎರಡು ತುದಿಗಳ ನಡುವೆ ಮಾತ್ರ ಹರಿಯುವ ಕರೆಂಟಿನಿಂದ, ಸುಡುವುದರಲ್ಲಿ 24.8. ಕರೆಂಟು ದೇಹದ ಮೂಲಕ ಹರಿದು ಹೋಗುವ ಹಳೆಯ ಯೂನಿಪೋಲಾರ್‌ನಲ್ಲಿ ಬರೀ 7.5.

ಹಾಗಾದರೆ ಯೂನಿಪೋಲಾರೇ ಗೆದ್ದಂತೆ ಅಲ್ವಾ? ಇಲ್ಲ. ಅದರ ಬಳಕೆ ಅಷ್ಟು ಹೊತ್ತಿಗೆ ಬಹಳ ಕಡಿಮೆಯಾಗಿತ್ತು. ಕರೆಂಟು ಟ್ಯೂಬಿನಿಂದ ಆಚೆ ಹರಿದು ಕರುಳು ಸುಟ್ಟ ಪ್ರಕರಣಗಳಿದ್ದವು, ಸಾವುಗಳೂ ಆಗಿದ್ದವು. ಗರ್ಭದ ಅಂಕಿ ಒಂದನ್ನೇ ನೋಡಿ ಸಾಧನ ಆರಿಸುವವರಿಗೆ ಇದೊಂದು ಎಚ್ಚರಿಕೆ ಸಾಕು.

ಇನ್ನೊಂದು ಸೂಕ್ಷ್ಮ ಇದೆ. ಸೋತಾಗ ಹೇಗೆ ಸೋಲುತ್ತದೆ? ಆಪರೇಷನ್ ಆದ ಮೇಲೂ ಗರ್ಭ ನಿಂತವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಅದು ಗರ್ಭಕೋಶದಲ್ಲಿ ಇರಲಿಲ್ಲ, ಟ್ಯೂಬಿನಲ್ಲೇ ಬೆಳೆಯುವಂಥ ಎಕ್ಟೋಪಿಕ್ ಆಗಿತ್ತು. ಅದು ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವ, ಜೀವಕ್ಕೇ ಅಪಾಯ. ಬೈಪೋಲಾರ್‌ನಲ್ಲಿ ಹತ್ತು ವರ್ಷಕ್ಕೆ ಸಾವಿರಕ್ಕೆ 17.1 ಎಕ್ಟೋಪಿಕ್. ಸ್ಪ್ರಿಂಗ್ ಕ್ಲಿಪ್‌ನಲ್ಲಿ 8.5. ಕ್ಲಿಪ್ ಹೆಚ್ಚು ಸಲ ಸೋತಿತು, ಬೈಪೋಲಾರ್ ಹೆಚ್ಚು ಅಪಾಯಕಾರಿಯಾಗಿ ಸೋತಿತು. ನಾನು ಆಯ್ಕೆ ಮಾಡುವುದಾದರೆ ಈ ಎರಡು ಅಂಕಿಗಳನ್ನು ಒಟ್ಟಿಗೆ ಕೂಡಿಸಲು ಹೋಗುವುದಿಲ್ಲ, ಬೇರೆ ಬೇರೆಯಾಗಿಯೇ ಇಡುತ್ತೇನೆ.

ಅದೇ ಬೈಪೋಲಾರ್ ಬಗ್ಗೆ ಮುಂದೆ ಒಂದು ಮಜಾ ವಿಷಯ ಹೊರಬಂತು. ಟ್ಯೂಬನ್ನು ಮೂರು ಅಥವಾ ಹೆಚ್ಚು ಕಡೆ ಸುಟ್ಟವರಲ್ಲಿ ಐದು ವರ್ಷದ ಸೋಲು ಸಾವಿರಕ್ಕೆ 3.2. ಮೂರಕ್ಕಿಂತ ಕಡಿಮೆ ಕಡೆ ಸುಟ್ಟವರಲ್ಲಿ 12.9. ವಿಧಾನ ಅದೇ, ಕೈ ಬೇರೆ. ಹಾಗಾಗಿ ‘ಸಾಧನದ ಯಶಸ್ಸು’ ಅಂತ ನೀವು ಬರೆಯುವ ಪ್ರತಿ ಅಂಕಿಯಲ್ಲಿ ಅದನ್ನು ಹಿಡಿದ ಕೈಯೂ ಸೇರಿರುತ್ತದೆ.

ನನ್ನ ಕೈಯ ಕತೆಯನ್ನೇ ಹೇಳ್ತೀನಿ. ತರಬೇತಿಯ ದಿನಗಳು. ಹೊಟ್ಟೆಯ ಸಣ್ಣ ತೂತಿನಿಂದ ಒಳಗೆ ನೋಡುವ ಲ್ಯಾಪರೋಸ್ಕೋಪ್‌ನಲ್ಲಿ ರಿಂಗ್ ಹಾಕುವುದನ್ನು ಕಲಿಯುತ್ತಿದ್ದೆ. ಇಕ್ಕಳ ಟ್ಯೂಬನ್ನು ಹಿಡಿದು ಒಂದು ಕೊಳವೆಯೊಳಗೆ ಎಳೆಯುತ್ತದೆ, ಟ್ಯೂಬ್ ಮಡಚಿಕೊಂಡು ಒಳಗೆ ಬರುತ್ತದೆ, ಆ ಮಡಿಕೆಯ ಬುಡಕ್ಕೆ ರಿಂಗ್ ಜಾರುತ್ತದೆ. ಸಲೀಸಾಗಿ ಬಂತು ಅಂತ ಖುಷಿಯಲ್ಲಿದ್ದೆ. ಪಕ್ಕದಲ್ಲಿ ನಿಂತಿದ್ದ ಮೇಡಂ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ‘ತುದಿ ತೋರಿಸು’ ಅಂದರು. ತುದಿಯ ತನಕ ಹೋಗಿ ನೋಡಿದರೆ ಕುಚ್ಚೇ ಇಲ್ಲ. ಟ್ಯೂಬಿನ ಕೊನೆಯಲ್ಲಿ ಸೆರಗಿನ ಕುಚ್ಚಿನ ಹಾಗೆ ಫಿಂಬ್ರಿಯಾ ಇರಬೇಕು. ನಾನು ಹಿಡಿದದ್ದು ಟ್ಯೂಬನ್ನಲ್ಲ, ಅದರ ಪಕ್ಕದಲ್ಲೇ ಹಗ್ಗದಂತೆ ಹೋಗುವ ರೌಂಡ್ ಲಿಗಮೆಂಟನ್ನು. ಅವತ್ತು ರಿಂಗ್ ಜಾರಿಸಿ ಮನೆಗೆ ಕಳಿಸಿದ್ದರೆ ಆ ಹೆಂಗಸಿನ ಒಂದು ಕಡೆಯ ಟ್ಯೂಬ್ ತೆರೆದೇ ಇರುತ್ತಿತ್ತು. ರಿಂಗಿನಲ್ಲಿ ಏನೂ ದೋಷ ಇರುತ್ತಿರಲಿಲ್ಲ. ಹಾಗಿದ್ದರೂ ಮುಂದೆ ಅದು ‘ರಿಂಗ್ ಸೋಲು’ ಅಂತಲೇ ದಾಖಲಾಗುತ್ತಿತ್ತು. ಅದಕ್ಕೇ ಕೇಳಬೇಕು: ಪ್ರಯೋಗದಲ್ಲಿ ಹಾಕಿದವರು ಯಾರು? ಸಾಧನ ಹುಟ್ಟುಹಾಕಿದ ನುರಿತ ಕೈಗಳೇ? ಹತ್ತನೇ ರೋಗಿಗೆ ಹಾಕುವ ಸಾಮಾನ್ಯ ವೈದ್ಯರಿಗೆ ಅದೇ ಫಲಿತಾಂಶ ಬರುತ್ತದೆಯೇ? ಎಂಜಿನಿಯರ್ ಆಗಿ ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ತಪ್ಪು ಜಾಗದಲ್ಲಿ ಹಾಕಿದರೆ ಆ ಕ್ಷಣವೇ ಗೊತ್ತಾಗುವಂತೆ ವಿನ್ಯಾಸ ಮಾಡಲು ಸಾಧ್ಯವೇ?

ಎಸ್ಶೂರ್‌ಗೆ ವಾಪಸ್ ಬರೋಣ. ಅದು ಹೋದದ್ದು ಗರ್ಭ ನಿಂತದ್ದಕ್ಕಲ್ಲ. ನೋವು, ರಕ್ತಸ್ರಾವ, ಸುರುಳಿ ಜಾಗ ಬಿಟ್ಟು ಹೋಗುವುದು, ಗೋಡೆ ತೂರುವುದು, ನಿಕ್ಕಲ್ ಬಗ್ಗೆ ದೂರು, ಕೊನೆಗೆ ತೆಗೆಸಬೇಕಾದ ಸ್ಥಿತಿ. ದೂರುಗಳು ಸಾವಿರಗಟ್ಟಲೆ ಬಂದವು. ಇಲ್ಲಿ ಎರಡೂ ಕಡೆ ಎಚ್ಚರ ಬೇಕು. ತಾವಾಗಿ ಬಂದ ದೂರುಗಳಿಂದ ಪ್ರಮಾಣ ಹೇಳಲು ಆಗುವುದಿಲ್ಲ. ಎಷ್ಟು ಜನರಿಗೆ ತೊಂದರೆಯಾಗಿ ಸುಮ್ಮನಿದ್ದರು ಗೊತ್ತಿಲ್ಲ, ಸಾಧನದಿಂದಲೇ ಆಯಿತೋ ಬೇರೆ ಕಾರಣವೋ ಅದೂ ಗೊತ್ತಿಲ್ಲ. ಆದರೆ ‘ಪ್ರಮಾಣ ಗೊತ್ತಿಲ್ಲ’ ಅನ್ನುವುದನ್ನು ‘ತೊಂದರೆ ಇಲ್ಲ’ ಅಂತ ಓದಿದರೆ ಅದು ಅನ್ಯಾಯ. ಒಪ್ಪಿಗೆಗೆ ಮುಂಚಿನ ಪ್ರಯೋಗದಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇರಲಿಲ್ಲ. ಎಸ್ಶೂರ್ ಹಾಕಿಸಿಕೊಂಡವರು ಮಾತ್ರ ಇದ್ದರು. ಆಮೇಲೆ ಯಾರಾದರೂ ಕೆಳಹೊಟ್ಟೆ ನೋಯುತ್ತೆ ಅಂದರೆ, ಆ ವಯಸ್ಸಿನ ಹೆಂಗಸರಲ್ಲಿ ಇದು ಸಾಮಾನ್ಯವೇ ಅಥವಾ ಹೆಚ್ಚೇ ಅಂತ ಹೇಳಲು ಅಳತೆಗೋಲೇ ಇಲ್ಲ.

ಹೋಲಿಕೆ ಬಂದದ್ದು ತಡವಾಗಿ. ನ್ಯೂಯಾರ್ಕ್ ರಾಜ್ಯದ 2005ರಿಂದ 2013ರ ದಾಖಲೆ ತೆಗೆದು 8,048 ಎಸ್ಶೂರ್ ಮಹಿಳೆಯರನ್ನು 44,278 ಲ್ಯಾಪರೋಸ್ಕೋಪಿ ಮಹಿಳೆಯರ ಜೊತೆ ಹೋಲಿಸಿದರು. 2015ರಲ್ಲಿ ಪ್ರಕಟವಾಯಿತು. ಬೇಡದ ಗರ್ಭದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ ಒಂದು ವರ್ಷದೊಳಗೆ ಇನ್ನೊಂದು ಆಪರೇಷನ್ ಬೇಕಾದವರು ಎಸ್ಶೂರ್‌ನಲ್ಲಿ ಶೇ 2.4, ಲ್ಯಾಪರೋಸ್ಕೋಪಿಯಲ್ಲಿ ಶೇ 0.2. ಫ್ರಾನ್ಸಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿದರು. 2018ರಲ್ಲಿ ಬಂದ ಅದರ ಫಲಿತಾಂಶ ಇನ್ನೂ ಸ್ವಾರಸ್ಯ. ಆಪರೇಷನ್ ಸಮಯದ ತೊಡಕು ಹಿಸ್ಟರೋಸ್ಕೋಪಿಯಲ್ಲಿ ಶೇ 0.13, ಲ್ಯಾಪರೋಸ್ಕೋಪಿಯಲ್ಲಿ ಶೇ 0.78. ಅಂದರೆ ಮೊದಲ ದಿನ ಗೆದ್ದದ್ದು ಎಸ್ಶೂರ್. ಒಂದು ವರ್ಷದಲ್ಲಿ ಮತ್ತೆ ಆಪರೇಷನ್ ನೋಡಿದರೆ ಶೇ 5.65 ಎದುರು ಶೇ 1.76. ಲೆಕ್ಕ ತಲೆಕೆಳಗು. ‘ಕಡಿಮೆ ಗಾಯ’ ಅನ್ನುವ ಮಾತು ಮೊದಲ ದಿನದ ಗಾಯವನ್ನು ಮಾತ್ರ ಎಣಿಸುತ್ತದೆ. ಎರಡನೇ ಆಪರೇಷನ್ನಿನ ಗಾಯವೂ ಅದೇ ಸಾಧನದ ಖಾತೆಗೆ ಸೇರಬೇಕು.

ಫ್ರಾನ್ಸಿನ ಅಧ್ಯಯನ ಓದುವಾಗ ಒಂದು ಎಚ್ಚರ. ಅಲ್ಲಿ ‘ಸೋಲು’ ಅಂದರೆ ಗರ್ಭ ನಿಲ್ಲುವುದು ಮಾತ್ರವಲ್ಲ, ಎರಡನೇ ಸಲ ಸಂತಾನಹರಣ ಮಾಡಬೇಕಾದದ್ದೂ ಸೇರಿದೆ. ಕ್ರೆಸ್ಟ್‌ನಲ್ಲಿ ಸೋಲು ಅಂದರೆ ಗರ್ಭ ಮಾತ್ರ. ಎರಡನ್ನೂ ಪಕ್ಕಪಕ್ಕ ಒಂದೇ ಕೋಷ್ಟಕದಲ್ಲಿ ಹಾಕಿದವರನ್ನು ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ.

ತೆಗೆಯುವುದರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಎಸ್ಶೂರ್ ಸುರುಳಿಯ ತುದಿ ಹಿಡಿದು ಎಳೆದರೆ ಪೆನ್ನಿನ ಸ್ಪ್ರಿಂಗ್ ಎಳೆದ ಹಾಗೆ ಉದ್ದವಾಗುತ್ತಾ ಬರುತ್ತದೆ. ಇನ್ನೂ ಎಳೆದರೆ ತುಂಡಾಗಬಹುದು. ಯಾಕೆಂದರೆ ಅಂಗಾಂಶ ಎಳೆಗಳೊಳಗೆ ಬೆಳೆದು ಹಿಡಿದುಕೊಂಡಿರುತ್ತದೆ. ಹಾಗೆ ಹಿಡಿಯಲಿ ಅಂತಲೇ ಅದನ್ನು ಮಾಡಿದ್ದು. ಹಾಗಾಗಿ ಟ್ಯೂಬನ್ನೇ ಸೀಳಿ ಅಥವಾ ಟ್ಯೂಬ್ ಸಮೇತ ತೆಗೆಯಬೇಕು. ಕೆಲವರಿಗೆ ಗರ್ಭಕೋಶವನ್ನೇ ತೆಗೆಸಬೇಕಾಯಿತು. ತೆಗೆದ ಮೇಲೆ ಚೂರು ಉಳಿದಿಲ್ಲ ಅಂತ ಎಕ್ಸ್‌ರೇ. ಕೊಯ್ಯದೆ ಹಾಕಿದ ವಸ್ತುವನ್ನು ತೆಗೆಯಲು ಕೊಯ್ಯಬೇಕು. ಹಾಕುವಾಗ ಎಷ್ಟು ಹೆಂಗಸರಿಗೆ ಇದನ್ನು ಹೇಳಿದ್ದರು? ಹೊಸ ಸಾಧನದ ಕಡತ ಕೈಗೆ ಬಂದರೆ ನಾನು ಮೊದಲು ತಿರುವಿ ನೋಡುವುದು ತೆಗೆಯುವುದು ಹೇಗೆ ಅನ್ನುವ ಪುಟವನ್ನು. ಅದು ಇಲ್ಲದಿದ್ದರೆ ಉಳಿದದ್ದನ್ನು ಓದುವಾಗ ಹುಬ್ಬು ಗಂಟಿಕ್ಕಿಕೊಂಡೇ ಓದುತ್ತೇನೆ.

ಎಫ್‌ಡಿಎ 2016ರಲ್ಲಿ ಗಂಭೀರ ಅಪಾಯಗಳಿಗೆ ಹಾಕುವ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮಾರುಕಟ್ಟೆಗೆ ಬಂದ 14 ವರ್ಷದ ಮೇಲೆ ಹೊಸ ಹೋಲಿಕೆ ಅಧ್ಯಯನಕ್ಕೂ ಆದೇಶಿಸಿತು. 2017ರಲ್ಲಿ ಅಮೆರಿಕದ ಹೊರಗೆ ಮಾರಾಟ ನಿಂತಿತು, 2018ರ ಕೊನೆಗೆ ಅಮೆರಿಕದಲ್ಲೂ. ಕಂಪನಿ ವ್ಯಾಪಾರದ ಕಾರಣ ಹೇಳಿತು. 2020ರಲ್ಲಿ ಸುಮಾರು 160 ಕೋಟಿ ಡಾಲರ್ ಕೊಟ್ಟು ಬಹುಪಾಲು ಮೊಕದ್ದಮೆಗಳನ್ನು ಮುಗಿಸಲು ಒಪ್ಪಿತು, ತಪ್ಪು ಒಪ್ಪಿಕೊಳ್ಳದೆ.

ಆಡಿಯಾನಾ ಅಂತ ಇನ್ನೊಂದಿತ್ತು. ರೇಡಿಯೋ ತರಂಗದ ಶಾಖದಿಂದ ಟ್ಯೂಬಿನ ಒಳಪದರ ಸುಟ್ಟು, ಅಕ್ಕಿ ಕಾಳಿನಷ್ಟು ಸಿಲಿಕಾನ್ ತುಂಡು ಇಡುವುದು. 2009ರಲ್ಲಿ ಒಪ್ಪಿಗೆ, 2012ರಲ್ಲಿ ಮುಕ್ತಾಯ. ಅದಕ್ಕೂ ಹಿಂದೆ ಕ್ವಿನಾಕ್ರಿನ್ ಗುಳಿಗೆಗಳನ್ನು ಗರ್ಭಕೋಶದೊಳಗೆ ಇಟ್ಟು ಟ್ಯೂಬ್ ಮುಚ್ಚಿಸುವ ಪ್ರಯೋಗ ಹಲವು ದೇಶಗಳಲ್ಲಿ ನಡೆಯಿತು. ವಿಷಪರೀಕ್ಷೆಗಳು ಪೂರ್ತಿಯಾಗುವ ಮುಂಚೆಯೇ ಲಕ್ಷದಷ್ಟು ಹೆಣ್ಣುಮಕ್ಕಳಿಗೆ ಹಾಕಿಬಿಟ್ಟಿದ್ದರು. ಮೊದಲು ಆ ಪರೀಕ್ಷೆ ಮುಗಿಸಿ ಅಂತ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಬೇಕಾಯಿತು. ಅಗ್ಗ, ಸುಲಭ, ಆಪರೇಷನ್ ಇಲ್ಲ. ಈ ಮೂರು ಮಾತು ಒಟ್ಟಿಗೆ ಕೇಳಿದರೆ ನನಗೆ ಈಗಲೂ ಆ ಕತೆ ನೆನಪಾಗುತ್ತದೆ.

ನಿಮ್ಮ ಪ್ರಾಜೆಕ್ಟಿನಲ್ಲಿ ಯಾವುದರ ಜೊತೆ ಹೋಲಿಸುತ್ತೀರಿ ಅನ್ನುವುದನ್ನೂ ಯೋಚಿಸಿ. ರಿಂಗ್, ಕ್ಲಿಪ್ ಮಾತ್ರ ಸಾಲದು. ಇವತ್ತು ಹಲವರು ಲ್ಯಾಪರೋಸ್ಕೋಪಿಯಲ್ಲಿ ಎರಡೂ ಟ್ಯೂಬ್ ಪೂರ್ತಿ ತೆಗೆದುಬಿಡುತ್ತಾರೆ. ಅಂಡಾಶಯದ ಕ್ಯಾನ್ಸರ್‌ನ ಒಂದು ದೊಡ್ಡ ಪಾಲು ಟ್ಯೂಬಿನ ತುದಿಯಲ್ಲೇ ಹುಟ್ಟುತ್ತದೆ ಅಂತ ತಿಳಿದ ಮೇಲೆ ಈ ಬದಲಾವಣೆ ಬಂತು. ಅಲ್ಲಿ ದೇಹದಲ್ಲಿ ಯಾವ ವಸ್ತುವೂ ಉಳಿಯುವುದಿಲ್ಲ. ಇನ್ನೊಂದು ಕಡೆ ಕಾಪರ್-ಟಿ, ಹಾರ್ಮೋನ್ ಇರುವ ಲೂಪ್ ಇವೆ. ಹಾಕಲು ನಿಮಿಷಗಳು, ಬೇಡವಾದರೆ ದಾರ ಎಳೆದು ತೆಗೆಯಬಹುದು. ಈ ಎರಡರ ನಡುವೆ ನಿಮ್ಮ ಹೊಸ ಸಾಧನ ಯಾರಿಗೆ, ಯಾಕೆ ಬೇಕು? ಉತ್ತರ ಇಲ್ಲ ಅಂತಲ್ಲ. ಹಳೆಯ ಆಪರೇಷನ್ನಿನಿಂದ ಹೊಟ್ಟೆಯೊಳಗೆ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುವವರು, ತುಂಬಾ ತೂಕ ಇರುವವರು, ಹೃದ್ರೋಗದಿಂದ ಪೂರ್ತಿ ಅರಿವಳಿಕೆ ಕೊಡಲಾಗದವರು ಇದ್ದಾರೆ. ಅವರಿಗೆ ಕೆಳಗಿನಿಂದ ಹಾಕುವ ದಾರಿ ನಿಜವಾಗಿ ಬೇಕು. ಆದರೆ ಪ್ರಯೋಗಕ್ಕೆ ಆರಿಸಿದವರೆಲ್ಲ ಆರೋಗ್ಯವಂತರೇ ಆಗಿದ್ದರೆ, ಆ ಅಂಕಿ ಇವರಿಗೆ ಅನ್ವಯಿಸುತ್ತದೆ ಅಂತ ನಂಬುವುದು ಕಷ್ಟ.

ವಯಸ್ಸನ್ನೂ ಬಿಡಬೇಡಿ. ಕ್ರೆಸ್ಟ್‌ನಲ್ಲಿ 28ಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಬೈಪೋಲಾರ್ ಮಾಡಿಸಿಕೊಂಡವರಲ್ಲಿ ಹತ್ತು ವರ್ಷದ ಸೋಲು ಸಾವಿರಕ್ಕೆ 54.3. ಎಲ್ಲ ವಯಸ್ಸು ಸೇರಿದ 24.8ಕ್ಕಿಂತ ಎರಡು ಪಟ್ಟು ಹೆಚ್ಚು. ಪ್ರಯೋಗದಲ್ಲಿ 35 ದಾಟಿದವರೇ ಜಾಸ್ತಿ ಇದ್ದರೆ ಸಾಧನ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಈಗ ಟ್ಯೂಬಿಗೆ ದ್ರವ ಬಿಟ್ಟು ಗಟ್ಟಿಮಾಡುವ, ಆಮೇಲೆ ಕರಗಿಹೋಗುವ ಪಾಲಿಮರ್‌ಗಳ ಪ್ರಯೋಗ ನಡೆಯುತ್ತಿದೆ. ನಿಮ್ಮ ಮಾರ್ಗದರ್ಶಕರು ಅದನ್ನೇ ಕೊಡಬಹುದು. ಲೋಹ ಇಲ್ಲ, ಹಾಗಾಗಿ ತೆಗೆಯುವ ಗೋಳಿಲ್ಲ ಅನ್ನುತ್ತಾರೆ. ಸರಿ. ಹಾಗಾದರೆ ವಸ್ತು ಕರಗಿದ ಮೇಲೆ ಟ್ಯೂಬನ್ನು ಮುಚ್ಚಿಟ್ಟಿರುವುದು ಗಾಯದ ಕಲೆ ಮಾತ್ರ. ಅದು ಹತ್ತು ವರ್ಷ ಮುಚ್ಚಿರುತ್ತದೆ ಅಂತ ಯಾವ ಪರೀಕ್ಷೆ ಹೇಳಿದೆ? ಟ್ಯೂಬಿನ ಒಂದು ತುದಿ ಹೊಟ್ಟೆಯೊಳಕ್ಕೆ ತೆರೆದಿದೆ, ದ್ರವ ಅಲ್ಲಿಗೆ ಹೋದರೆ ಏನು? ಕರಗುವಾಗ ಏನಾಗಿ ಕರಗುತ್ತದೆ? ಮತ್ತೆ ಆ ಹಳೆಯ ಪ್ರಶ್ನೆ: ಎಷ್ಟು ಜನರಿಗೆ ಹಾಕಲು ಹೋದರು, ಎಷ್ಟು ಜನರನ್ನು ಎಣಿಸಿದರು? ಪ್ರಾಜೆಕ್ಟಿನ ಮೊದಲ ಕೋಷ್ಟಕದಲ್ಲಿ ಶೇಕಡಾ ಹಾಕಬೇಡಿ. ಬಾಗಿಲಿಗೆ ಬಂದವರು, ಹಾಕಲು ಆದವರು, ಪರೀಕ್ಷೆಗೆ ಮರಳಿದವರು, ನಂಬಬಹುದು ಅಂತ ಹೇಳಿಸಿಕೊಂಡವರು, ಐದನೇ ವರ್ಷದಲ್ಲೂ ಸಂಪರ್ಕದಲ್ಲಿ ಇದ್ದವರು. ಈ ಐದು ಸಂಖ್ಯೆ ಪ್ರತಿ ಸಾಧನಕ್ಕೂ ಬರೆಯಿರಿ. ಯಾವುದಾದರೂ ಸಿಗದಿದ್ದರೆ ಆ ಮನೆ ಖಾಲಿ ಬಿಡಿ, ತುಂಬಿಸಲು ಹೋಗಬೇಡಿ.